ಪ್ರಶ್ನೋತ್ತರ: ಕಂಬಿ ಕಾಯುವವರು

ಬೆಂಗಳೂರು–ಮೈಸೂರು ರೈಲು ಮಾರ್ಗ ಹೆಜ್ಜಾಲ, ಬಿಡದಿ, ಕೇತೋಹಳ್ಳಿ, ರಾಮನಗರ, ಚನ್ನಪಟ್ಟಣ, ಶೆಟ್ಟಿಹಳ್ಳಿ ಹಾದು ಮದ್ದೂರಿನತ್ತ ಸಾಗುತ್ತದೆ. ಈ ಹಾದಿಯ ಹಳಿಗಳನ್ನು ಹಗಲೂ ರಾತ್ರಿ ನೋಡಿಕೊಳ್ಳುವ ಸಿಬ್ಬಂದಿಯ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಹಳಿ ನಿರ್ವಹಣೆಯ ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ದಿನವೂ ಚನ್ನಪಟ್ಟಣದಿಂದ ಬೆಂಗಳೂರಿಗೆ ಪಾಸಿನಲ್ಲಿ ಓಡಾಡುತ್ತೇನೆ. ಸ್ಟೇಷನ್ನೂ ಇಲ್ಲದ, ಸಿಗ್ನಲ್ಲೂ ಇಲ್ಲದ ಕಡೆ ರೈಲು ಇದ್ದಕ್ಕಿದ್ದಂತೆ ತೆವಳತೊಡಗುತ್ತದೆ. ಹೊರಗೆ ನೋಡಿದರೆ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟವರು ಸುಮ್ಮನೆ ನಿಂತಿರುತ್ತಾರೆ. ಅವರು ನಿಂತು ನೋಡುವುದಕ್ಕೆ ನಾವೇಕೆ ತಡವಾಗಿ ಆಫೀಸು ಸೇರಬೇಕು?
— ಪಾಸುದಾರರೊಬ್ಬರು, ಚನ್ನಪಟ್ಟಣ

ಅವರು ನಿಂತಿರುವುದು ನಿಮ್ಮ ರೈಲು ಬಂದಿರುವುದರಿಂದ. ರೈಲು ಬರುವ ಮುಂಚೆಯೇ ಉಪಕರಣಗಳನ್ನೆಲ್ಲ ಎತ್ತಿಕೊಂಡು ಹಳಿಯಿಂದ ದೂರ ಸರಿದು ನಿಲ್ಲಬೇಕೆಂಬುದು ನಿಯಮ. ನಿಮ್ಮ ಬೋಗಿ ದಾಟಿದ ಮೇಲೆ ಅವರು ಮತ್ತೆ ಹಾರೆ ಹಿಡಿಯುತ್ತಾರೆ, ಆದರೆ ಅಷ್ಟು ಹೊತ್ತಿಗೆ ನೀವು ಮುಂದೆ ಹೋಗಿಬಿಟ್ಟಿರುತ್ತೀರಿ.

ಇನ್ನು ತೆವಳುವ ವಿಚಾರ. ಕಂಬಿಗಳನ್ನು ಹೊರುವ ಅಡ್ಡ ದಿಮ್ಮಿಯಾದ ಸ್ಲೀಪರಿನ ಕೆಳಗಿನ ಜಲ್ಲಿಯನ್ನು ಕೆದಕಿ ಶುದ್ಧ ಮಾಡಿದಾಗ ಅಥವಾ ಸ್ಲೀಪರನ್ನೇ ಬದಲಿಸಿದಾಗ ಹಳಿ ತಾತ್ಕಾಲಿಕವಾಗಿ ದುರ್ಬಲವಾಗುತ್ತದೆ. ಹೊಸದಾಗಿ ತುಂಬಿದ ರಾಗಿ ಮೂಟೆಯನ್ನು ನಾಲ್ಕು ಸಲ ನೆಲಕ್ಕೆ ಕುಟ್ಟಿದ ಮೇಲೆ ಕಾಳು ಗಟ್ಟಿಯಾಗಿ ಕೂರುವ ಹಾಗೆ, ಜಲ್ಲಿಯೂ ರೈಲುಗಳು ಓಡಾಡಿದ ಮೇಲೆಯೇ ಒಂದಕ್ಕೊಂದು ಕಚ್ಚಿಕೊಂಡು ಕೂರಬೇಕು. ಅಲ್ಲಿಯವರೆಗೆ ವೇಗಕ್ಕೆ ಕಡಿವಾಣ ಹಾಕಿ, ಮೊದಲು ಗಂಟೆಗೆ 20 ಕಿ.ಮೀ.ನಂತೆ ಬಿಟ್ಟು, ದಿನ ಕಳೆದಂತೆ ಹಂತಹಂತವಾಗಿ ಏರಿಸುತ್ತಾರೆ. ಹೊರಡುವ ಮುಂಚೆಯೇ ಇದರ ವಿವರವಿರುವ ಕಾಷನ್ ಆರ್ಡರ್ ಲೋಕೋ ಪೈಲಟ್‌ರ ಕೈ ಸೇರಿರುತ್ತದೆ. ಆ ಜಾಗಕ್ಕೆ ಬಹಳ ಮೊದಲೇ ಹಳದಿ ಎಚ್ಚರಿಕೆ ಫಲಕ ಇರುತ್ತದೆ, ಮುಂದೆ ವೇಗ ಬರೆದ ಫಲಕ, ಕೊನೆಯಲ್ಲಿ ನಿರ್ಬಂಧ ಮುಗಿಯಿತೆಂದು ತಿಳಿಸುವ ಟಿ/ಪಿ, ಟಿ/ಜಿ ಫಲಕಗಳು. ಮೊದಲನೆಯದು ಪ್ಯಾಸೆಂಜರ್ ರೈಲಿಗೆ, ಎರಡನೆಯದು ಗೂಡ್ಸಿಗೆ. ಗೂಡ್ಸ್ ರೈಲು ಉದ್ದವಾಗಿರುತ್ತದೆ, ಅದರ ಕೊನೆಯ ವ್ಯಾಗನ್ ದಾಟುವವರೆಗೂ ವೇಗ ಏರಿಸುವಂತಿಲ್ಲ, ಅದಕ್ಕೇ ಎರಡು ಫಲಕ.

ಒಂದು ಕಿಲೋಮೀಟರನ್ನು 110ರ ವೇಗದಲ್ಲಿ ದಾಟಲು ಸುಮಾರು 33 ಸೆಕೆಂಡು ಸಾಕು. 20ರಲ್ಲಿ 3 ನಿಮಿಷ ಬೇಕು. ಬ್ರೇಕ್ ಹಾಕಿ ವೇಗ ಇಳಿಸುವುದಕ್ಕೂ ಮತ್ತೆ ಏರಿಸುವುದಕ್ಕೂ ಇನ್ನಷ್ಟು ಹೊತ್ತು ಹೋಗುತ್ತದೆ. ನೀವು ಆಫೀಸಿಗೆ ತಡವಾಗುವುದು ನಿಜ. ಆದರೆ ಅದು ಕೆಲಸ ನಿಂತಿದ್ದರಿಂದ ಆದ ತಡವಲ್ಲ, ಕೆಲಸ ನಡೆದದ್ದರಿಂದ ಆದ ತಡ.

ಬೆಳಿಗ್ಗೆ ವಾಕಿಂಗಿಗೆ ಹೋದಾಗ ಒಬ್ಬರು ಹೆಗಲ ಮೇಲೆ ಸುತ್ತಿಗೆ ಹೊತ್ತು ತಲೆ ಬಗ್ಗಿಸಿ ಹಳಿ ಮೇಲೆ ನಡೆದುಹೋಗುವುದು ಕಾಣುತ್ತದೆ. ಆಗಾಗ ನಿಂತು ಏನನ್ನೋ ಬಡಿಯುತ್ತಾರೆ. ಯಾರವರು? ಏನು ಹುಡುಕುತ್ತಾರೆ?
— ಗೃಹಿಣಿ, ರಾಮನಗರ

ಅವರು ಕೀಮನ್. ಹಳಿ ಕೆಲಸಗಾರರ ಒಂದು ಗ್ಯಾಂಗಿಗೆ ಸೇರಿದ ಹಳಿಯಷ್ಟನ್ನೂ, ಸಾಮಾನ್ಯವಾಗಿ ಐದಾರು ಕಿಲೋಮೀಟರು, ದಿನವೂ ನಡೆದು ನೋಡುವುದು ಅವರ ಕೆಲಸ. ಹೋಗುವಾಗ ಒಂದು ಕಂಬಿಯ ಮೇಲೆ ಕಣ್ಣಿಟ್ಟರೆ ಬರುವಾಗ ಇನ್ನೊಂದರ ಮೇಲೆ. ನಮ್ಮ ಮಾರ್ಗ ಈಗ ಜೋಡಿಯಾಗಿರುವುದರಿಂದ ಕಾಯಬೇಕಾದದ್ದು ನಾಲ್ಕು ಕಂಬಿ.

ಅವರು ಬಡಿಯುವುದು ಸಡಿಲಾದ ಕ್ಲಿಪ್ಪುಗಳನ್ನು. ಕಂಬಿಯನ್ನು ಕಾಂಕ್ರೀಟ್ ಸ್ಲೀಪರಿಗೆ ಅದುಮಿ ಹಿಡಿಯುವ, ಬಾಗಿದ ಉಕ್ಕಿನ ಕೊಂಡಿ ಅದು. ಒಂದು ಕಿಲೋಮೀಟರಿಗೆ 1,660 ಸ್ಲೀಪರುಗಳೆಂದು ಹಿಡಿದರೆ, ಸ್ಲೀಪರೊಂದಕ್ಕೆ ನಾಲ್ಕರಂತೆ 6,640 ಕ್ಲಿಪ್ಪುಗಳಾಗುತ್ತವೆ. ಆರು ಕಿಲೋಮೀಟರಿಗೆ ಒಂದೇ ಲೈನಿನಲ್ಲಿ ನಲವತ್ತು ಸಾವಿರದ ಹತ್ತಿರ. ರೈಲು ಓಡಿದಾಗಲೆಲ್ಲ ಇವು ಅದುರುತ್ತವೆ, ಕೆಲವು ಜಾರುತ್ತವೆ. ಒಂದು ಜಾರಿದರೆ ಏನೂ ಆಗುವುದಿಲ್ಲ. ಸಾಲಾಗಿ ಹತ್ತು ಜಾರಿದರೆ ಕಂಬಿ ಅಲುಗಾಡುತ್ತದೆ. ಸಾಲು ಬೆಳೆಯುವ ಮೊದಲೇ ಒಂದೊಂದನ್ನೂ ಕೂರಿಸುತ್ತ ಹೋಗುವುದು ಕೀಮನ್ ಕೆಲಸ.

ಜೊತೆಗೆ ಇನ್ನೂ ನೂರೆಂಟು ನೋಡಬೇಕು. ಬೆಸುಗೆಯ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕಿದೆಯೆ, ಎರಡು ಕಂಬಿ ಜೋಡಿಸುವ ಫಿಶ್‌ಪ್ಲೇಟಿನ ಬೋಲ್ಟು ಬಿದ್ದುಹೋಗಿದೆಯೆ, ಸ್ಲೀಪರಿನ ಸುತ್ತ ಜಲ್ಲಿಯ ಮೇಲೆ ಕೆಸರು ಚಿಮ್ಮಿದೆಯೆ ಎಂದೆಲ್ಲ. ಕೆಸರು ಚಿಮ್ಮಿದ್ದರೆ ಕೆಳಗೆ ನೀರು ನಿಂತು, ಚಕ್ರ ಹಾದಾಗಲೆಲ್ಲ ಸ್ಲೀಪರ್ ಮೇಲೆ ಕೆಳಗೆ ಆಡುತ್ತಿದೆ ಎಂದರ್ಥ. ಅವರ ಚೀಲದಲ್ಲಿ ಸ್ಪ್ಯಾನರ್, ಬಿಡಿ ಕ್ಲಿಪ್ಪು ಬೋಲ್ಟುಗಳು, ಕೆಂಪು ಹಸಿರು ಬಾವುಟ, ಡಿಟೋನೇಟರ್ ಇರುತ್ತವೆ.

ಕಂಬಿ ತುಂಡಾಗಿರುವುದು ಕಂಡರೆ ಅವರು ಮೊದಲು ಮಾಡುವುದು ದುರಸ್ತಿಯಲ್ಲ, ರೈಲು ನಿಲ್ಲಿಸುವುದು. ಕೆಂಪು ಬಾವುಟ ಹಿಡಿದು ರೈಲು ಬರುವ ದಿಕ್ಕಿಗೆ ಓಡಬೇಕು. 600 ಮೀಟರಿನಲ್ಲಿ ಕಂಬಿಯ ಮೇಲೆ ಒಂದು ಡಿಟೋನೇಟರ್, 1,200 ಮೀಟರಿನಲ್ಲಿ ಹತ್ತು ಹತ್ತು ಮೀಟರಿಗೊಂದರಂತೆ ಮೂರು ಇಡಬೇಕು. ಚಕ್ರ ಹತ್ತಿದೊಡನೆ ಅವು ಪಟಾಕಿಯಂತೆ ಸಿಡಿದು ಲೋಕೋ ಪೈಲಟ್‌ರನ್ನು ಎಚ್ಚರಿಸುತ್ತವೆ. 110ರ ವೇಗದ ರೈಲು 1,200 ಮೀಟರನ್ನು 40 ಸೆಕೆಂಡಿನೊಳಗೆ ದಾಟುತ್ತದೆ. ಕೀಮನ್ ಅಷ್ಟು ದೂರ ಓಡುವುದು ಆ 40 ಸೆಕೆಂಡನ್ನು ಸಂಪಾದಿಸಲು.

ಬೇಸಿಗೆಯಲ್ಲಿ ಕಂಬಿ ಹಿಗ್ಗುತ್ತದೆ, ಅದಕ್ಕೇ ನಡುವೆ ಸಂದು ಬಿಡುತ್ತಾರೆ ಎಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆವು. ಈಗ ನೋಡಿದರೆ ಸಂದೇ ಕಾಣುವುದಿಲ್ಲ, ಮೊದಲಿನ ಕಟಕಟ ಸದ್ದೂ ಇಲ್ಲ. ಹಿಗ್ಗಿದ ಕಂಬಿ ಎಲ್ಲಿ ಹೋಗುತ್ತದೆ?
— ನಿವೃತ್ತ ಉಪಾಧ್ಯಾಯರು, ಬಿಡದಿ

ಮೇಷ್ಟ್ರೆ, ನೀವು ಮಾಡಿದ ಪಾಠ ತಪ್ಪಲ್ಲ. ಮೊದಲು 13 ಮೀಟರ್ ಉದ್ದದ ಕಂಬಿಗಳನ್ನು ಫಿಶ್‌ಪ್ಲೇಟಿನಿಂದ ಜೋಡಿಸಿ ನಡುವೆ ಸಂದು ಬಿಡುತ್ತಿದ್ದರು. ಉಷ್ಣತೆ 30 ಡಿಗ್ರಿ ಏರಿದರೆ ಅಂಥ ಒಂದು ಕಂಬಿ ನಾಲ್ಕೂವರೆ ಮಿಲಿಮೀಟರು ಹಿಗ್ಗುತ್ತದೆ. ಚಕ್ರ ಆ ಸಂದನ್ನು ಗುದ್ದಿ ದಾಟುವಾಗಲೇ ಕಟಕಟ ಸದ್ದು ಬರುತ್ತಿತ್ತು. ಗುದ್ದಿ ಗುದ್ದಿ ಕಂಬಿಯ ತುದಿಗಳು ಸವೆಯುತ್ತಿದ್ದವು, ಅವನ್ನು ನೋಡಿಕೊಳ್ಳುವುದರಲ್ಲೇ ಗ್ಯಾಂಗಿನವರ ಅರ್ಧ ದಿನ ಕಳೆಯುತ್ತಿತ್ತು.

ಈಗ ಕಂಬಿಗಳನ್ನು ಬೆಸೆದು ಕಿಲೋಮೀಟರುಗಟ್ಟಲೆ ಒಂದೇ ಮಾಡುತ್ತಾರೆ. ತೂಕದ ಕಾಂಕ್ರೀಟ್ ಸ್ಲೀಪರು, ಕ್ಲಿಪ್ಪು, ಸುತ್ತಲಿನ ಜಲ್ಲಿ ಸೇರಿ ಅದನ್ನು ಬಿಗಿಯಾಗಿ ಹಿಡಿಯುತ್ತವೆ. ಕಂಬಿಗೆ ಹಿಗ್ಗಲು ಜಾಗವಿಲ್ಲ, ಆದ್ದರಿಂದ ಹಿಗ್ಗಬೇಕಾದದ್ದು ಒಳಗೇ ಒತ್ತಡವಾಗಿ ಕೂರುತ್ತದೆ. ಮೀಟರಿಗೆ 60 ಕೆ.ಜಿ. ತೂಗುವ ಕಂಬಿಯಲ್ಲಿ ಒಂದು ಡಿಗ್ರಿ ಏರಿಕೆಗೆ ಈ ಒತ್ತಡ ಸುಮಾರು 1.9 ಟನ್. 20 ಡಿಗ್ರಿ ಏರಿದರೆ ಒಂದೊಂದು ಕಂಬಿಯಲ್ಲೂ 38 ಟನ್.

ಬಿಸಿಲಿನಲ್ಲಿ ಕಂಬಿ ಸುತ್ತಲಿನ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಆ ಹೊತ್ತಿನಲ್ಲಿ ಜಲ್ಲಿ ಸಾಲದೆ ಬಂದರೆ ಹಳಿ ಪಕ್ಕಕ್ಕೆ ಸೊಟ್ಟಗಾಗಿಬಿಡಬಹುದು. ಆದ್ದರಿಂದ ಮಾರ್ಚಿನಿಂದ ಮೇ ತನಕ ಮಟಮಟ ಮಧ್ಯಾಹ್ನ, ನಾವೆಲ್ಲ ನೆರಳು ಹುಡುಕುವ ಹೊತ್ತಿನಲ್ಲಿ, ಕಂಬಿಯ ಉಷ್ಣತೆ ನಿಗದಿತ ಮಿತಿ ದಾಟಿದರೆ ಬೇಸಿಗೆ ಗಸ್ತು ಹೊರಡುತ್ತದೆ. ಚಳಿಗಾಲದಲ್ಲಿ ತೊಂದರೆ ತಿರುಗುಮುರುಗಾಗುತ್ತದೆ. ಕಂಬಿ ಕುಗ್ಗಲು ಎಳೆಯುತ್ತದೆ, ಬೆಸುಗೆ ದುರ್ಬಲವಾಗಿದ್ದರೆ ಬೆಳಗಿನ ಜಾವದಲ್ಲಿ ಬಿರುಕು ಬಿಡುತ್ತದೆ. ಅದಕ್ಕೆ ರಾತ್ರಿಯ ಗಸ್ತು. ಹೊರಗೆ ಕಾಣದ ಒಳ ಬಿರುಕುಗಳನ್ನು ಹಿಡಿಯಲು ಅಲ್ಟ್ರಾಸೌಂಡ್ ಯಂತ್ರವನ್ನು ಕಂಬಿಯ ಮೇಲೆ ತಳ್ಳಿಕೊಂಡು ಹೋಗುವ ತಂಡವೇ ಬೇರೆ ಇದೆ.

2022ರ ಆಗಸ್ಟಿನ ಮಳೆಯಲ್ಲಿ ರಾಮನಗರದ ಹತ್ತಿರ ಹೆದ್ದಾರಿಯೇ ಕೆರೆಯಾಗಿತ್ತು. ಅಂಥ ರಾತ್ರಿ ಹಳಿಯ ಮೇಲೆ ಯಾರಾದರೂ ಇರುತ್ತಾರೆಯೆ?
— ರೈತರು, ಶೆಟ್ಟಿಹಳ್ಳಿ

ಇರುತ್ತಾರೆ, ಇರಲೇಬೇಕು. ನಮ್ಮ ಮಾರ್ಗ ರಾಮನಗರದಲ್ಲಿ ಅರ್ಕಾವತಿಯನ್ನು, ಚನ್ನಪಟ್ಟಣದ ಕಡೆ ಕಣ್ವವನ್ನು, ಮದ್ದೂರಿನಲ್ಲಿ ಶಿಂಷೆಯನ್ನು ದಾಟುತ್ತದೆ. ನದಿಗಳ ನಡುವೆ ಕೆರೆ ಕೋಡಿಯ ನೀರು ಹರಿಯುವ ಸಣ್ಣ ಮೋರಿಗಳು ಲೆಕ್ಕವಿಲ್ಲದಷ್ಟಿವೆ. ದೊಡ್ಡ ಸೇತುವೆಗಿಂತ ಮಳೆಗಾಲದಲ್ಲಿ ಹೆಚ್ಚು ಕಾಡುವುದು ಈ ಮೋರಿಗಳೇ. ಮೇಲಿನ ಕೆರೆ ಒಡೆದರೆ ಮೋರಿ ಹಿಡಿಯದಷ್ಟು ನೀರು ಒಮ್ಮೆಲೇ ನುಗ್ಗಿ ಏರಿಯನ್ನು ಕೊರೆಯುತ್ತದೆ. ಮಣ್ಣು ಕೊಚ್ಚಿಹೋದರೂ ಕಂಬಿ, ಸ್ಲೀಪರು ಗಾಳಿಯಲ್ಲಿ ತೂಗಿಕೊಂಡೇ ಇರುತ್ತವೆ. ಕತ್ತಲಲ್ಲಿ ಇಂಜಿನ್ನಿನ ದೀಪದ ಬೆಳಕಿಗೆ ಹಳಿ ನೆಟ್ಟಗೇ ಇದ್ದಂತೆ ಕಾಣುತ್ತದೆ. ನಡೆದು ಹೋಗಿ ನೋಡಿದವರಿಗೇ ಗೊತ್ತಾಗುವುದು.

ಅದಕ್ಕೇ ಮಳೆಗಾಲದ ರಾತ್ರಿ ಗಸ್ತು. ಪ್ರತಿ ಪಾಳಿಯವರಿಗೂ ಹಳಿಯ ಒಂದು ಭಾಗ, ಹೊರಡುವ ಮತ್ತು ತಲುಪುವ ಸಮಯ ನಿಗದಿಯಾಗಿರುತ್ತದೆ. ಈ ಬದಿಯವರು ಆ ಬದಿಯವರನ್ನು ಎದುರುಗೊಂಡು ಗಸ್ತು ಪುಸ್ತಕ ಬದಲಿಸಿಕೊಂಡು ವಾಪಸಾಗಬೇಕು. ಹಾಗೆ ಪುಸ್ತಕ ಕೈ ಬದಲಿಸಿದರೆ ಇಬ್ಬರೂ ನಡೆದರೆಂಬುದಕ್ಕೆ ಸಾಕ್ಷಿ. ಈಗ ಜಿಪಿಎಸ್ ಸಾಧನವನ್ನೂ ಕೊಡುತ್ತಾರೆ. ಸೇತುವೆಯ ಕಂಬದ ಮೇಲೆ ಅಪಾಯದ ಮಟ್ಟ ಗುರುತು ಮಾಡಿರುತ್ತಾರೆ. ನೀರು ಅಲ್ಲಿಗೆ ಮುಟ್ಟಿದರೆ ರೈಲು ನಿಲ್ಲಿಸಲು ಗಸ್ತಿನವರು ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಮಳೆಗಾಲವಲ್ಲದ ದಿನದಲ್ಲೂ ಅಕಾಲಿಕವಾಗಿ ಜೋರು ಮಳೆ ಸುರಿದರೆ ಗ್ಯಾಂಗಿನ ಮುಖ್ಯಸ್ಥರಾದ ಮೇಟ್ ತಾವಾಗಿಯೇ ಜನ ಎಬ್ಬಿಸಿಕೊಂಡು ಹೊರಡಬೇಕೆಂಬುದೂ ನಿಯಮದಲ್ಲಿದೆ.

ರೈತರಾಗಿ ನಿಮ್ಮಿಂದ ಒಂದು ಉಪಕಾರ ಬೇಕು. ಮೋರಿಯ ಬಾಯಿಗೆ ತೆಂಗಿನ ಗರಿ, ಕಬ್ಬಿನ ತರಗು ತಂದು ಹಾಕಬೇಡಿ. ಮೇಲಿನ ಕೆರೆಯ ಏರಿ ಬಿರಿಯುತ್ತಿದ್ದರೆ ಹತ್ತಿರದ ಸ್ಟೇಷನ್ನಿಗೆ ತಿಳಿಸಿ.

ನಮ್ಮ ತಂದೆ ಮೀಟರ್ ಗೇಜ್ ಕಾಲದಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಬೀಟರ್ ಹಿಡಿದು ಅವರ ಅಂಗೈ ಚಕ್ಕಳದಂತಾಗಿತ್ತು. ಈಗ ರಾತ್ರಿ ದೊಡ್ಡ ಹಳದಿ ಯಂತ್ರವೇ ಬಂದು ಕೆಲಸ ಮಾಡುತ್ತದೆ. ಇನ್ನು ಗ್ಯಾಂಗಿನ ಅಗತ್ಯವಿದೆಯೆ?
— ಗ್ಯಾಂಗ್‌ಮನ್ ಒಬ್ಬರ ಮಗಳು, ಚನ್ನಪಟ್ಟಣ

ನಿಮ್ಮ ತಂದೆಯವರು ಸೇರಿದ್ದು ಬಹಳ ಹಳೆಯ ಸಾಲಿಗೆ. 1876–78ರ ಧಾತು-ಈಶ್ವರ ಬರದಲ್ಲಿ ಹೊಟ್ಟೆಗಿಲ್ಲದ ಜನಕ್ಕೆ ಕೂಲಿ ಕೊಡಲು ಕೈಗೊಂಡ ಪರಿಹಾರ ಕೆಲಸಗಳಲ್ಲಿ ಈ ಮಾರ್ಗದ ಮಣ್ಣು ಕೆಲಸವೂ ಇತ್ತು. 1882ರ ಹೊತ್ತಿಗೆ ಮೀಟರ್ ಗೇಜ್ ರೈಲು ಮೈಸೂರು ಮುಟ್ಟಿತು. 1990ರ ದಶಕದಲ್ಲಿ ಬ್ರಾಡ್ ಗೇಜ್ ಆಗಿ ಎರಡು ಕಂಬಿಗಳ ಅಂತರ 1,000 ಮಿ.ಮೀ.ನಿಂದ 1,676 ಮಿ.ಮೀ.ಗೆ ಹಿಗ್ಗಿತು. ಆಮೇಲಿನ ವರ್ಷಗಳಲ್ಲಿ ಜೋಡಿ ಮಾರ್ಗವೂ ವಿದ್ಯುತ್ ತಂತಿಯೂ ಬಂದವು.

ಬೀಟರ್ ಎಂದರೆ ಒಂದು ತುದಿ ಚಪ್ಪಟೆಯಾದ ಗುದ್ದಲಿಯಂಥ ಉಪಕರಣ. ಸ್ಲೀಪರಿನ ಕೆಳಕ್ಕೆ ಜಲ್ಲಿ ತುರುಕಲು ನಾಲ್ಕು ಜನ ಎದುರುಬದುರು ನಿಂತು ತಾಳ ತಪ್ಪದೆ ಹೊಡೆಯಬೇಕಿತ್ತು. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆಯಾದರೆ ಹಳಿ ಓರೆಯಾಗುತ್ತಿತ್ತು. ಈಗಿನ ಕಾಂಕ್ರೀಟ್ ಸ್ಲೀಪರು ಒಂದೊಂದೂ ಕಾಲು ಟನ್ನಿಗಿಂತ ಹೆಚ್ಚು ತೂಗುತ್ತದೆ. ಇಂಥ ಹಳಿಯನ್ನು ಕೈಯಿಂದ ಪ್ಯಾಕ್ ಮಾಡುತ್ತ ಕೂತರೆ ಮುಗಿಯುವುದಿಲ್ಲ. ನೀವು ಕಂಡ ಹಳದಿ ಯಂತ್ರ ಟ್ಯಾಂಪಿಂಗ್ ಮಷೀನ್. ಅದು ಹಳಿಯನ್ನೇ ಎತ್ತಿ ಹಿಡಿದು, ಕಬ್ಬಿಣದ ಬೆರಳುಗಳನ್ನು ಜಲ್ಲಿಗೆ ಚುಚ್ಚಿ, ಅದುರಿಸುತ್ತ ಅದುಮುತ್ತದೆ.

ಆದರೆ ಯಂತ್ರ ಬರುವ ಮೊದಲು ಜಲ್ಲಿ ಕಡಿಮೆಯಿದ್ದ ಕಡೆ ತುಂಬಬೇಕು, ಅಡ್ಡ ಬರುವುದನ್ನು ಬಿಚ್ಚಿಡಬೇಕು. ಅದು ಹೋದ ಮೇಲೆ ಮತ್ತೆ ಜೋಡಿಸಿ, ಜಲ್ಲಿಯ ಬದು ಕಟ್ಟಿ, ಅಳತೆ ನೋಡಬೇಕು. ಹಳಿ ಕವಲೊಡೆಯುವ ಪಾಯಿಂಟು, ಗೇಟು, ಸೇತುವೆಯ ತುದಿ ಇಂಥ ಕಡೆ ಕೈ ಕೆಲಸ ತಪ್ಪಿದ್ದಲ್ಲ. ಬಿರುಕು ಬಿಟ್ಟ ಕಂಬಿಯ ತುಂಡು ಕತ್ತರಿಸಿ ಹೊಸದನ್ನು ಕೂರಿಸಿ ಥರ್ಮಿಟ್ ಬೆಸುಗೆ ಹಾಕುವುದಕ್ಕೂ ನುರಿತವರೇ ಬೇಕು. ಅಲ್ಯೂಮಿನಿಯಂ ಪುಡಿ, ಕಬ್ಬಿಣದ ಆಕ್ಸೈಡು ಸೇರಿ ಎರಡು ಸಾವಿರ ಡಿಗ್ರಿಗೂ ಮೀರಿ ಉರಿದು ಕರಗಿದ ಉಕ್ಕು ಅಚ್ಚಿಗೆ ಇಳಿಯುವ ಕೆಲಸ ಅದು. ಈ ಕಾಲದಲ್ಲಿ ಇನ್ನೊಂದು ಹೊಸ ಎಚ್ಚರವೂ ಸೇರಿದೆ. ವಿದ್ಯುತ್ ಮಾರ್ಗದಲ್ಲಿ ಇಂಜಿನ್ನು ಬಳಸಿದ ಕರೆಂಟು ವಾಪಸಾಗುವುದು ಕಂಬಿಯ ಮೂಲಕವೇ. ತುಂಡಾದ ಕಂಬಿಯ ಎರಡು ತುದಿಗಳನ್ನು ತಂತಿಯಿಂದ ಜೋಡಿಸುವ ಮುಂಚೆ ಎರಡನ್ನೂ ಒಟ್ಟಿಗೆ ಮುಟ್ಟುವಂತಿಲ್ಲ.

ಗ್ಯಾಂಗಿಗೆ ಈಗ ನಿಜವಾಗಿ ಸಾಲದಿರುವುದು ಹೊತ್ತು. ಹಳಿ ಬಿಚ್ಚಬೇಕಾದರೆ ಆ ಲೈನಿನಲ್ಲಿ ರೈಲು ನಿಲ್ಲಿಸಿ ‘ಬ್ಲಾಕ್’ ಕೊಡಬೇಕು. ರೈಲು ಹೆಚ್ಚಿದಷ್ಟೂ ಬ್ಲಾಕ್ ಸಿಗುವುದು ಕಷ್ಟ. ಅದರಿಂದಲೇ ಕೆಲಸ ರಾತ್ರಿಗೆ ಬಿದ್ದಿದೆ. ರಾತ್ರಿ ಸದ್ದು ಎಂದು ದೂರುವವರು, ಗೇಟು ಬಹಳ ಹೊತ್ತು ಮುಚ್ಚಿತ್ತೆಂದು ಬೈಯುವವರು ಇದನ್ನು ಗಮನಿಸಬೇಕು.

ವಂದೇ ಭಾರತ್ ಬಂದ ಮೇಲೆ ರೈಲು ಬಂದದ್ದೇ ಗೊತ್ತಾಗುವುದಿಲ್ಲ. ಹಳಿಯ ಮೇಲೆ ಬಗ್ಗಿ ಕೆಲಸ ಮಾಡುವವರಿಗೆ ಹೇಗೆ ಗೊತ್ತಾಗುತ್ತದೆ?
— ಕಾಲೇಜು ವಿದ್ಯಾರ್ಥಿನಿ, ರಾಮನಗರ

ಈ ಕೆಲಸದ ಅತಿ ದೊಡ್ಡ ಅಪಾಯವನ್ನೇ ನೀವು ಗುರುತಿಸಿದ್ದೀರಿ. ಉಗಿಬಂಡಿ ದೂರದಿಂದಲೇ ಸದ್ದು ಮಾಡುತ್ತಿತ್ತು, ಡೀಸೆಲ್ ಇಂಜಿನ್ನೂ ಗುಡುಗುತ್ತಿತ್ತು. ವಿದ್ಯುತ್ ರೈಲು ಮೆಲ್ಲಗೆ ಬರುತ್ತದೆ. ಸಂದಿಲ್ಲದ ಕಂಬಿಯೂ ಸದ್ದು ಮಾಡುವುದಿಲ್ಲ. 2022ರ ನವೆಂಬರ್ 11ರಂದು ಶುರುವಾದ ಮೈಸೂರು–ಚೆನ್ನೈ ವಂದೇ ಭಾರತ್ ಇದೇ ಮಾರ್ಗದಲ್ಲಿ ಓಡುತ್ತಿದೆ.

ಜೋಡಿ ಮಾರ್ಗದಲ್ಲಿ ಸಾವಿಗೆ ಕಾರಣವಾಗುವ ತಪ್ಪೊಂದಿದೆ. ಒಂದು ಲೈನಿನಲ್ಲಿ ರೈಲು ಬಂತೆಂದು ಪಕ್ಕದ ಲೈನಿಗೆ ಸರಿದು ನಿಲ್ಲುತ್ತಾರೆ, ಅಷ್ಟರಲ್ಲಿ ಆ ಲೈನಿನಲ್ಲೂ ರೈಲು ಬರುತ್ತದೆ. ಒಂದರ ಸದ್ದಿನಲ್ಲಿ ಇನ್ನೊಂದು ಕೇಳಿಸುವುದಿಲ್ಲ. ಆದ್ದರಿಂದ ಯಾವ ಲೈನಿನಲ್ಲಿ ರೈಲು ಬಂದರೂ ಎರಡೂ ಲೈನು ಬಿಟ್ಟು ಹೊರ ಅಂಚಿಗೆ ಹೋಗಬೇಕೆಂದು ಕಲಿಸುತ್ತಾರೆ. ಕೆಲಸ ಮಾಡುವವರ ಜೊತೆಗೆ, ಹಾರೆ ಮುಟ್ಟದೆ ರೈಲು ಬರುವ ದಾರಿಯನ್ನಷ್ಟೇ ನೋಡುತ್ತ ಸೀಟಿ ಊದುವವರೊಬ್ಬರನ್ನು ನಿಲ್ಲಿಸುತ್ತಾರೆ. ಜನ ಕಡಿಮೆಯಿರುವಾಗ ಮೊದಲು ಕತ್ತರಿ ಬೀಳುವುದು ಈ ಕೆಲಸಕ್ಕೇ, ಬೀಳಬಾರದ್ದೂ ಇದಕ್ಕೇ. ರೈಲು ಹತ್ತಿರ ಬಂದಾಗ ಎಚ್ಚರಿಸುವ ‘ರಕ್ಷಕ್’ ಎಂಬ ಕೈಯಂತ್ರ ಕೆಲವು ಮಾರ್ಗಗಳಿಗೆ ಬಂದಿದೆ. ಒಂಟಿಯಾಗಿ ನಡೆಯುವ ಕೀಮನ್‌ಗಳ ಕೈಗೆ ಇದು ಎಲ್ಲ ಕಡೆಯೂ ಬೇಗ ಸಿಗಬೇಕು.

ಕನಕಪುರಕ್ಕೆ ರೈಲು ಬರುತ್ತದೆ ಎಂದು ಚಿಕ್ಕಂದಿನಿಂದ ಕೇಳುತ್ತಿದ್ದೇನೆ. ನಮ್ಮೂರಿಗೂ ಮಾಗಡಿಗೂ ಈ ಭಾಗ್ಯ ಯಾವಾಗ?
— ಅಂಗಡಿ ಮಾಲೀಕರು, ಕನಕಪುರ

ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೂಲಕ ಚಾಮರಾಜನಗರಕ್ಕೆ ಹೊಸ ಮಾರ್ಗ 1996–97ರಲ್ಲಿ ಮಂಜೂರಾಯಿತು. ಕನಕಪುರದಲ್ಲಿ ಇನ್ನೂ ಕಂಬಿ ಬಿದ್ದಿಲ್ಲ. ಮಾಗಡಿ ಪಟ್ಟಣಕ್ಕೂ ರೈಲಿಲ್ಲ, ಆದರೆ 2017ರಲ್ಲಿ ಪೂರ್ಣಗೊಂಡ ಬೆಂಗಳೂರು–ಹಾಸನ ಮಾರ್ಗ ಮಾಗಡಿ ಕಡೆಯ ಸೋಲೂರಿನ ಮೇಲೆ ಕುಣಿಗಲ್ ಕಡೆಗೆ ಹೋಗುತ್ತದೆ. ಹೊಸ ಮಾರ್ಗ ಕೇಳುವಾಗ ನಾವು ನಿಲ್ದಾಣ ಎಲ್ಲಿ, ರೈಲು ಎಷ್ಟು ಎಂದು ಕೇಳುತ್ತೇವೆ. ಅದನ್ನು ಕಾಯುವವರು ಎಷ್ಟು ಜನ, ಅವರಿಗೆ ಬ್ಲಾಕ್ ಎಷ್ಟು ಹೊತ್ತು ಎಂದೂ ಮೊದಲ ದಿನವೇ ಕೇಳುವುದು ಒಳ್ಳೆಯದು.

ಐಟಿಐ ಮುಗಿಸಿದ್ದೇನೆ. ಟ್ರ್ಯಾಕ್ ಮೇಂಟೇನರ್ ಕೆಲಸಕ್ಕೆ ಸೇರಬಹುದೆ? ಅಲ್ಲಿಗೆ ಸೇರಿದರೆ ಕೊನೆಯವರೆಗೂ ಹಾರೆ ಹಿಡಿಯುವುದೇ ಎಂದು ಮನೆಯಲ್ಲಿ ಹೆದರಿಸುತ್ತಾರೆ.
— ಯುವಕ, ಮಾಗಡಿ

ಸೇರಬಹುದು. ಗ್ಯಾಂಗ್‌ಮನ್ ಎಂಬ ಹಳೆಯ ಹುದ್ದೆಗೆ ಈಗ ಟ್ರ್ಯಾಕ್ ಮೇಂಟೇನರ್ ಎಂಬ ಹೆಸರು. ರೈಲ್ವೆ ನೇಮಕಾತಿ ಮಂಡಳಿಯ ಲೆವೆಲ್ 1 ಪರೀಕ್ಷೆಯ ಮೂಲಕ ಆಯ್ಕೆ. ಕಂಪ್ಯೂಟರ್ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ನಮ್ಮ ಹುಡುಗರು ಇದನ್ನು ತಿಳಿಯದೆ ಹಿಂಜರಿಯುವುದುಂಟು. ದೈಹಿಕ ಪರೀಕ್ಷೆಯಲ್ಲಿ ಗಂಡಸರು 35 ಕೆ.ಜಿ. ಭಾರ ಹೊತ್ತು ಕೆಳಗಿಡದೆ 100 ಮೀಟರನ್ನು 2 ನಿಮಿಷದಲ್ಲಿ ಮುಗಿಸಬೇಕು, 1,000 ಮೀಟರನ್ನು 4 ನಿಮಿಷ 15 ಸೆಕೆಂಡಿನಲ್ಲಿ ಓಡಬೇಕು. ಹೆಂಗಸರಿಗೆ 20 ಕೆ.ಜಿ. ಭಾರ, ಓಟಕ್ಕೆ 5 ನಿಮಿಷ 40 ಸೆಕೆಂಡು.

ಏಳನೇ ವೇತನ ಆಯೋಗದಂತೆ ಆರಂಭದ ಮೂಲ ವೇತನ 18,000 ರೂಪಾಯಿ, ಭತ್ಯೆಗಳು ಬೇರೆ. ಮೇಂಟೇನರ್ ಹುದ್ದೆಯಲ್ಲೇ ನಾಲ್ಕು ದರ್ಜೆಗಳಿವೆ. ಕೀಮನ್, ಮೇಟ್ ಆಗುವುದು ಮೇಲಿನ ದರ್ಜೆಗಳಲ್ಲಿ. ಇಲಾಖಾ ಪರೀಕ್ಷೆ ಬರೆದು ಬೇರೆ ವಿಭಾಗಕ್ಕೆ ಹೋಗುವ, ಜೂನಿಯರ್ ಎಂಜಿನಿಯರ್ ಆಗುವ ದಾರಿಯೂ ಇದೆ. ಆದರೆ ಸುಲಭದ ಕೆಲಸವೆಂದು ನಂಬಿ ಬರಬೇಡಿ. ಮೊದಲ ವರ್ಷಗಳಲ್ಲಿ ಬಿಸಿಲು, ಮಳೆ, ರಾತ್ರಿ ಪಾಳಿ ಮೂರೂ ಗ್ಯಾರಂಟಿ. ಎಷ್ಟೋ ಪದವೀಧರರು ಬಂದು ಒಂದೇ ಬೇಸಿಗೆಗೆ ಬಿಟ್ಟುಹೋಗುತ್ತಾರೆ. ದಿನಕ್ಕೆ ಹತ್ತು ಕಿಲೋಮೀಟರು ಜಲ್ಲಿಯ ಮೇಲೆ ನಡೆಯಬಲ್ಲೆ ಎನಿಸಿದರೆ ಅರ್ಜಿ ಹಾಕಿ.

ಹಳಿಯಲ್ಲಿ ಏನಾದರೂ ತೊಂದರೆ ಕಂಡರೆ ನಮ್ಮಂಥ ಸಾಮಾನ್ಯರು ಏನು ಮಾಡಬೇಕು?
— ಓದುಗರು, ಕೇತೋಹಳ್ಳಿ

ಮೊದಲನೆಯದಾಗಿ, ನೋಡಲೆಂದು ಹಳಿಯ ಮೇಲೆ ಹೋಗಬೇಡಿ. ಅನುಮತಿಯಿಲ್ಲದೆ ಹಳಿ ಅಡ್ಡ ದಾಟುವುದು, ಹಳಿಗುಂಟ ನಡೆಯುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಅಪರಾಧ. ಆರು ತಿಂಗಳವರೆಗೆ ಸಜೆ ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಗೇಟಿನಲ್ಲೋ ಹೊಲದ ಅಂಚಿನಲ್ಲೋ ನಿಂತಾಗ ಕಂಬಿ ತುಂಡಾದದ್ದು, ಏರಿ ಕೊಚ್ಚಿಹೋದದ್ದು, ಹಳಿ ಸೊಟ್ಟಗಾದದ್ದು ಕಂಡರೆ ಹತ್ತಿರದ ಗೇಟ್‌ಮನ್‌ಗೆ ಅಥವಾ ಸ್ಟೇಷನ್ ಮಾಸ್ಟರ್‌ಗೆ ತಕ್ಷಣ ತಿಳಿಸಿ. ಇಲ್ಲವಾದರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ. ರೈಲು ಆಗಲೇ ಬರುತ್ತಿದ್ದರೆ ಹಳಿಯಿಂದ ದೂರ, ಲೋಕೋ ಪೈಲಟ್‌ಗೆ ಕಾಣುವಂತೆ ನಿಂತು ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿ ಹಿಡಿಯಿರಿ. ಬಾವುಟ ಇಲ್ಲದಾಗ ರೈಲ್ವೆಯ ನಿಯಮದಲ್ಲೂ ‘ನಿಲ್ಲಿಸು’ ಎಂಬ ಸಂಕೇತ ಅದೇ.

ಫೋನಿನಲ್ಲಿ ‘ಕೇತೋಹಳ್ಳಿ ಹತ್ತಿರ, ಹುಣಸೆಮರದ ಪಕ್ಕ’ ಎಂದರೆ ಸಾಲದು. ವಿದ್ಯುತ್ ತಂತಿ ಹೊತ್ತ ಪ್ರತಿ ಕಂಬದ ಮೇಲೂ ಕಿಲೋಮೀಟರಿನ ಸಂಖ್ಯೆಯೂ ಕಂಬದ ಸಂಖ್ಯೆಯೂ ಬರೆದಿರುತ್ತದೆ. ಹತ್ತಿರದ ಕಂಬದ ಆ ಎರಡು ಸಂಖ್ಯೆ, ಮೈಸೂರಿಗೆ ಹೋಗುವ ಲೈನೋ ಬೆಂಗಳೂರಿಗೆ ಹೋಗುವ ಲೈನೋ ಎಂಬುದು, ಇಷ್ಟನ್ನು ಹೇಳಿ. ಗ್ಯಾಂಗಿನವರು ಹುಡುಕಾಡದೆ ನೇರ ಅಲ್ಲಿಗೇ ಬರುತ್ತಾರೆ.